ಬುಗ್ಗೆಮನೆಯ ಎರಡು ಬೀಗ

ನಾದಿನಿ ಕುತ್ತಿಗೆವರೆಗೆ ನೊರೆಯಲ್ಲಿ ಮುಳುಗಿದ್ದಳು. ತೊಟ್ಟಿಯ ಅಂಚು ದಾಟಿ ಉಕ್ಕಿದ ನೊರೆ ಕಲ್ಲುಹಾಸಿನ ಮೇಲೆ ನಿಧಾನವಾಗಿ ಹರಿದು ಬಂದು ಅತ್ತಿಗೆಯ ಚಪ್ಪಲಿ ಮುಟ್ಟಿತು.

ಇನ್ನೊಂದು ಗಳಿಗೆ ಬಿಡಿ ಎಂದು ನಾದಿನಿ ಕಣ್ಣು ಮುಚ್ಚಿಕೊಂಡೇ ಬೇಡಿಕೊಂಡಳು. ಪತ್ತೇದಾರಿಕೆ ಎಂದರೆ ಬಿಸಿನೀರಲ್ಲಿ ಮಲಗುವುದು ಅಂತ ಮೊದಲೇ ಗೊತ್ತಿದ್ದರೆ ತಾನೂ ಪೊಲೀಸ್ ಇಲಾಖೆ ಸೇರುತ್ತಿದ್ದೆ ಎಂದಳು.

ಅತ್ತಿಗೆ ಬಗ್ಗಿ ಒಂದು ಹಿಡಿ ನೊರೆ ಎತ್ತಿಕೊಂಡರು. ಮೂಗಿನ ಹತ್ತಿರ ಹಿಡಿದರು, ಆಮೇಲೆ ಊದಿದರು. ಅದು ಹತ್ತಿಯ ಹಾಗೆ ತೇಲಿಹೋಯಿತು.

"ಎಷ್ಟು ಸೋಪು ಹಾಕಿದೆ?"

"ಒಂದೇ ಸಲ ಉಜ್ಜಿದ್ದು ಅತ್ತಿಗೆ. ನಿಮ್ಮಾಣೆ."

"ಎದುರುಗಡೆ ಸ್ನಾನದ ಮನೆ ಅಕ್ಕನ ತೊಟ್ಟಿಯಲ್ಲಿ ಎಷ್ಟು ಹಾಕಿದ್ದೆ?"

ನಾದಿನಿ ಕಣ್ಣು ತೆರೆದಳು. ಅಲ್ಲಿ ಅರ್ಧ ಸೋಪು ಸವೆಸಿದರೂ ನೊರೆ ಬಂದಿರಲಿಲ್ಲ. ಒಡೆದ ಹಾಲಿನ ಹಾಗೆ ಬಿಳಿ ಬಿಳಿ ತುಣುಕು ತೇಲಿದ್ದು ನೋಡಿ ಸೋಪು ಕೊಟ್ಟ ಅಂಗಡಿಯವನನ್ನು ಬೈದುಕೊಂಡಿದ್ದಳು.

"ಅದು ಬೆಟ್ಟದ ಹೊಟ್ಟೆಯಿಂದ ಬಂದ ನೀರು. ಅದರಲ್ಲಿ ನೊರೆ ಬರೋದಿಲ್ಲ," ಎಂದರು ಅತ್ತಿಗೆ. "ಹಾಗಾದ್ರೆ ನೀನು ಕೂತಿರೋದು ಯಾವ ನೀರಲ್ಲಿ?"

ಅತ್ತಿಗೆ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಮೊಣಕಾಲು ನೋವಿಗೆ ಬಿಸಿನೀರ ಬುಗ್ಗೆಯ ಸ್ನಾನ ಒಳ್ಳೆಯದೆಂದು ಗಂಡನ ತಂಗಿಯನ್ನು ಜೊತೆಗೆ ಕರೆದುಕೊಂಡು ಈ ಬೆಟ್ಟದೂರಿಗೆ ಬಂದವರು. ನಾದಿನಿ ಮಾತಿಗೊಮ್ಮೆ ಅತ್ತಿಗೆ, ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಈಗ ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಅಂಚೆಯಣ್ಣನಿಗೂ ಅವರು ಅತ್ತಿಗೆಯೇ.

ಅವರು ಬಂದ ದಿನವೇ ಅಕ್ಕನ ಸ್ನಾನದ ಮನೆಯ ತೊಟ್ಟಿ ತಣ್ಣಗಿತ್ತು. ಬುಗ್ಗೆಯ ನೀರನ್ನು ಯಾರೋ ಕದಿಯುತ್ತಿದ್ದಾರೆಂದು ಅಕ್ಕ ದೂರಿದ್ದಳು, ಯಾರೆಂದು ಕೇಳಿದರೆ ಬಾಯಿಬಿಡದೆ ಬೀದಿಯ ಆಚೆ ಕಡೆಗೆ ಗಲ್ಲ ಎತ್ತಿ ತೋರಿಸಿದ್ದಳು.

ಬೀದಿಯ ಆಚೆ ಕಡೆ ಇದ್ದದ್ದು ಒಡಹುಟ್ಟಿದ ತಂಗಿಯ ಸ್ನಾನದ ಮನೆ. ತಾಯಿ ಹೋದ ಮೇಲೆ ಇಬ್ಬರಿಗೂ ಒಂದೊಂದು ಬಂದಿತ್ತು. ತಂಗಿ ತನ್ನ ಬಾಗಿಲ ಮೇಲೆ 'ಅಸಲಿ ಬುಗ್ಗೆ' ಎಂದು ಬೋರ್ಡು ಹಾಕಿಸಿದಳು. ಮರುದಿನ ಅಕ್ಕ 'ಇದೇ ಅಸಲಿ ಬುಗ್ಗೆ' ಎಂದು ಹಾಕಿಸಿದಳು. ಅದರ ಮರುದಿನ ತಂಗಿಯ ಬೋರ್ಡಿನ ಕೆಳಗೆ 'ಎದುರುಗಡೆ ನೋಡಿ ಮೋಸ ಹೋಗಬೇಡಿ' ಎಂಬ ಸಾಲು ಸೇರಿತು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ಒಂದೇ ಬೀದಿಯಲ್ಲಿ ಬೆಳಗಾಗೆದ್ದು ಮುಖ ನೋಡುತ್ತಾರೆ, ಮಾತಿಲ್ಲ.

ಈಗ ಅಕ್ಕನ ತೊಟ್ಟಿಗೆ ಬೀಳುತ್ತಿದ್ದ ಧಾರೆ ಕಿರುಬೆರಳಿನಷ್ಟಕ್ಕೆ ಇಳಿದಿತ್ತು. ಕೊಳವೆಯಲ್ಲಿ ಅಷ್ಟು ದೂರ ತೆವಳಿಕೊಂಡು ಬರುವ ಹೊತ್ತಿಗೆ ಆರಿ ತಣ್ಣಗಾಗುತ್ತಿತ್ತು. ಸೊಂಟನೋವು, ಕೀಲುನೋವು ಎಂದು ಬರುತ್ತಿದ್ದ ಮುದುಕರೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಬೀದಿ ದಾಟಿದರು. ಇಲ್ಲಿ, ತಂಗಿಯ ಕಡೆ, ತೊಟ್ಟಿ ತುಂಬ ಹಬೆಯಾಡುವ ನೀರು. ಯಾರು ನೋಡಿದರೂ ಕಳ್ಳಿ ಯಾರೆಂದು ಹೇಳುವ ಹಾಗಿತ್ತು.

ಅದಕ್ಕೇ ಅತ್ತಿಗೆಗೆ ಅನುಮಾನ. ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವ ಕಳ್ಳರನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡವರಲ್ಲ.

"ನಿನ್ನ ಉಂಗುರ ತೋರಿಸು," ಎಂದರು.

ನಾದಿನಿ ನೊರೆಯಿಂದ ಕೈ ಹೊರಗೆ ತೆಗೆದಳು. ಬೆಳ್ಳಿ ಉಂಗುರ ಹೊಸದರ ಹಾಗೆ ಹೊಳೆಯುತ್ತಿತ್ತು. ಅಕ್ಕನ ತೊಟ್ಟಿಗೆ ಇಳಿಯುವಾಗ ಅವಳು ಅದನ್ನು ಬಿಚ್ಚಿಟ್ಟಿದ್ದಳು. ಅತ್ತಿಗೆ ತಮ್ಮ ಬೆರಳನ್ನು ಅದರ ಪಕ್ಕ ಹಿಡಿದರು. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಉಂಗುರಗಳು. ಅಕ್ಕನ ತೊಟ್ಟಿಯ ತಣ್ಣೀರಲ್ಲಿ ಕೂತೆದ್ದ ಅತ್ತಿಗೆಯ ಉಂಗುರ ಕಾವಲಿಯಷ್ಟು ಕಪ್ಪಗಾಗಿತ್ತು. ಬುಗ್ಗೆ ನೀರಿನ ಗಂಧಕ ಬೆಳ್ಳಿಯನ್ನು ಬಿಡುವುದಿಲ್ಲ.

"ಆದ್ರೆ ವಾಸನೆ ಇದೆಯಲ್ಲ ಅತ್ತಿಗೆ," ಎಂದಳು ನಾದಿನಿ. ಬುಗ್ಗೆ ನೀರಿಗೆ ಇರುವ ಆ ಕೊಳೆತ ಮೊಟ್ಟೆಯ ವಾಸನೆ ಇಲ್ಲೂ ಗಮ್ಮೆಂದು ಬರುತ್ತಿತ್ತು.

ಅತ್ತಿಗೆ ವಾಸನೆ ಹಿಡಿದು ನಡೆದರು. ಅದು ತೊಟ್ಟಿಯಿಂದ ಬರುತ್ತಿರಲಿಲ್ಲ, ಕಿಟಕಿಯಿಂದ ಬರುತ್ತಿತ್ತು. ಕಿಟಕಿಯ ಹೊರಗೆ, ಹೂವಿನ ಕುಂಡಗಳ ಹಿಂದೆ, ಒಂದು ಬಾಣಲೆ. ಬಾಣಲೆಯಲ್ಲಿ ಸಾಲಾಗಿ ಒಡೆದಿಟ್ಟ ಮೊಟ್ಟೆಗಳು. ಎಲ್ಲವೂ ಚೆನ್ನಾಗಿ ಕೊಳೆತಿದ್ದವು.

ಅತ್ತಿಗೆ ಮೂಗು ಮುಚ್ಚಿಕೊಂಡು ನಕ್ಕರು. ಇಷ್ಟು ದಿನಗಳಲ್ಲಿ ಅವರು ಮನಸಾರೆ ನಕ್ಕಿದ್ದು ಅದೇ ಮೊದಲು.

ಬೇಗ ಬಟ್ಟೆ ಹಾಕಿಕೊಂಡು ಎದುರುಮನೆಗೆ ಹೋಗಿ ಅಕ್ಕನನ್ನು ಬೆಟ್ಟದ ಮೇಲೆ ಬುಗ್ಗೆ ಹುಟ್ಟುವ ಬುಗ್ಗೆಮನೆಯ ದಾರಿಗೆ ಕರೆದುಕೊಂಡು ಬಾ, ಅವಳ ಬೀಗದ ಕೈ ಮರೆಯದೆ ತರಲಿ ಎಂದು ನಾದಿನಿಗೆ ಹೇಳಿ, ಅವರು ಹಿತ್ತಲ ಕಡೆ ತಿರುಗಿದರು.

ಹಿತ್ತಲಿಗೆ ಹೋಗುವ ಓಣಿಯಲ್ಲಿ ಒಗೆದ ಟವೆಲ್‌ಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಅತ್ತಿಗೆ ಒಂದನ್ನು ಮುಟ್ಟಿ ನೋಡಿದರು. ಬಿಳಿ ಟವೆಲ್ ಮೇಲೆ ಮಸಿಯ ಚುಕ್ಕೆಗಳು. ಓಣಿಯ ಕೊನೆಗೆ ತಗಡಿನ ಶೆಡ್ಡು. ಅದರ ಬಾಗಿಲು ಒಳಗಿನಿಂದ ಭದ್ರ. ಒಳಗೆ ಯಾರೋ ಕೊಡಲಿಯಿಂದ ಮರ ಸೀಳುವ ಸದ್ದು.

ಪೊಲೀಸರ ಹಾಗೆ ಬಾಗಿಲು ಬಡಿದರೆ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು. ಸ್ನಾನಕ್ಕೆ ಬಂದ ಗಿರಾಕಿಯ ದನಿಯಲ್ಲಿ ಗೊಣಗಿದರು.

"ನೀರು ಆರಿಹೋಗ್ತಿದೆ. ಇನ್ನೆರಡು ಸೌದೆ ಹಾಕಮ್ಮ."

"ಹಾಕ್ತಿದ್ದೀನಿ, ಹಾಕ್ತಿದ್ದೀನಿ. ನನಗೇನು ನಾಲ್ಕು ಕೈ ಇದೆಯಾ?" ಎಂದಿತು ಒಳಗಿನ ದನಿ.

ಆಮೇಲೆ ಕೊಡಲಿಯ ಸದ್ದು ನಿಂತಿತು. ಕೊನೆಗೆ ಅಗುಳಿ ಸರಿಯಿತು.

ಬಾಗಿಲಲ್ಲಿ ನಿಂತವಳು ತಂಗಿ. ಹಣೆಯ ಮೇಲೆ ಮಸಿ, ಕೂದಲಲ್ಲಿ ಮರದ ಪುಡಿ, ಕೈಯಲ್ಲಿ ಕೊಡಲಿ. ಅವಳ ಹಿಂದೆ ಒಬ್ಬರು ನಿಲ್ಲುವಷ್ಟು ಎತ್ತರದ ಹಂಡೆ ಕುದಿಯುತ್ತಿತ್ತು. ಹಂಡೆಗೆ ನೀರು ಬರುತ್ತಿದ್ದದ್ದು ಬೀದಿಯ ನಲ್ಲಿಯಿಂದ ಎಳೆದ ಹಸಿರು ರಬ್ಬರ್ ಪೈಪಿನಲ್ಲಿ. ಗೋಡೆಯ ಉದ್ದಕ್ಕೂ ಸೌದೆಯ ರಾಶಿ.

ಅತ್ತಿಗೆ ಕೊಡಲಿಯನ್ನು ಮೆತ್ತಗೆ ತೆಗೆದುಕೊಂಡು ಗೋಡೆಗೆ ಒರಗಿಸಿದರು. ಸೌದೆಯ ರಾಶಿಯ ಮೇಲೆ ಕಾಲು ನೀಡಿ ಕೂತರು. ಮೊಣಕಾಲು ಉಜ್ಜಿಕೊಂಡರು.

"ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅಂತಾರೆ. ನಿಮ್ಮನೆ ಹೊಗೆ ನಾನು ಬಂದ ದಿನದಿಂದ ನೋಡ್ತಿದ್ದೀನಿ. ಅಡುಗೆಮನೆ ಇರೋದು ಮುಂದುಗಡೆ, ಹೊಗೆ ಮಾತ್ರ ಹಿಂದುಗಡೆ. ಯಾವಾಗಿಂದ ಹೀಗೆ?"

ತಂಗಿ ಮೊದಲು ದಬಾಯಿಸಿದಳು. ಇದು ತನ್ನ ಮನೆ, ತನ್ನ ಹಂಡೆ, ಟವೆಲ್ ಒಗೆಯಲು ಬಿಸಿನೀರು ಬೇಡವೇ, ಅಕ್ಕ ಕಳಿಸಿದ ಗೂಢಚಾರಿಣಿಗೆ ತಾನೇಕೆ ಉತ್ತರ ಕೊಡಬೇಕು ಎಂದಳು. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ತಮ್ಮ ಕಪ್ಪು ಉಂಗುರ ತೋರಿಸಿ, ಮೊಟ್ಟೆಯ ಬಾಣಲೆಯ ಸುದ್ದಿ ಎತ್ತಿದರು. ಮೊಟ್ಟೆ ಎಂದ ಕೂಡಲೇ ತಂಗಿಯ ದನಿ ಅಡಗಿತು.

ಅವಳು ಅತ್ತಿಗೆಯ ಪಕ್ಕ ಸೌದೆಯ ಮೇಲೆ ಕುಸಿದು ಕೂತಳು. ಅಂಗೈ ತುಂಬ ಬೊಕ್ಕೆಗಳೆದ್ದಿದ್ದವು.

"ನನ್ನ ನೀರೂ ನಿಂತು ತುಂಬಾ ದಿನ ಆಯ್ತು," ಎಂದಳು. "ಅಕ್ಕನ ತೊಟ್ಟಿ ತಣ್ಣಗಾಯ್ತು ಅಂತ ಸುದ್ದಿ ಬಂದಿತಲ್ಲ, ಅದಕ್ಕೂ ಮುಂಚೆ ನಂದು ತಣ್ಣಗಾಗಿತ್ತು. ನಾನು ಹೇಳ್ಲಿಲ್ಲ ಅಷ್ಟೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳು ನಗ್ತಾಳೆ. ನನ್ನ ನೀರು ಕದ್ದವಳೇ ಅವಳು. ಕದ್ದವಳ ಮುಂದೆ ಹೋಗಿ ಅಳೋದಕ್ಕಿಂತ ಸೌದೆ ಒಡೆಯೋದೇ ವಾಸಿ ಅನ್ನಿಸ್ತು."

ಅವಳು ದಿನಾ ನಸುಕಿಗೆ ಎದ್ದು, ಯಾರೂ ನೋಡದ ಹಾಗೆ ಬೆಂಕಿ ಹಾಕಿ, ಹಂಡೆ ತುಂಬಿ, ಕಾದ ನೀರನ್ನು ಹಳೆಯ ಕೊಳವೆಗೆ ಬಿಡುತ್ತಿದ್ದಳಂತೆ. ಬರುವವರಿಗೆ ನೀರು ಬಿಸಿಯಿದ್ದರೆ ಸಾಕು, ಅದು ಬೆಟ್ಟದಿಂದ ಬಂತೋ ನಲ್ಲಿಯಿಂದ ಬಂತೋ ಯಾರು ನೋಡುತ್ತಾರೆ ಎಂದುಕೊಂಡಿದ್ದಳು. ಆದರೆ ಕೀಲುನೋವಿನ ಮುದುಕರಿಗೆ ನೋವು ಇಳಿಯುತ್ತಿರಲಿಲ್ಲ. ಮೊನ್ನೆ ಒಬ್ಬ ಮುದುಕ, ಪ್ರತಿ ವರ್ಷ ಕೋಲು ಹಿಡಿದು ಬಂದು ಕೋಲು ಬಿಟ್ಟು ಹೋಗುತ್ತಿದ್ದವನು, ಈ ಸಲ ಕೋಲು ಹಿಡಿದೇ ಹೋದ. ಹೋಗುವಾಗ ಅವಳ ತಲೆ ಸವರಿ, ನೀರಿನ ತಪ್ಪಲ್ಲಮ್ಮ, ನನ್ನ ವಯಸ್ಸಿನ ತಪ್ಪು ಎಂದ. ಅವತ್ತಿನಿಂದ ತನಗೆ ಊಟ ಸೇರುತ್ತಿಲ್ಲ ಎಂದು ತಂಗಿ ಹೇಳಿದಳು.

ಅತ್ತಿಗೆ ಅವಳ ಬೊಕ್ಕೆ ಎದ್ದ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು.

"ಕದ್ದ ಮಾಲು ಕದ್ದವರ ಮನೇಲಿ ಇರಬೇಕು. ನಿನ್ನ ಮನೇಲಿ ಇರೋದು ಸೌದೆ. ಅವಳ ಮನೇಲಿ ಇರೋದು ತಣ್ಣೀರು. ನೀವಿಬ್ರೂ ಕಳ್ಳಿಯರಲ್ಲಮ್ಮ. ಇಬ್ಬರ ಮನೇಲೂ ಕಳ್ಳತನ ಆಗಿದೆ."

ತಂಗಿ ಬೆಂಕಿಯ ಕಡೆ ತಿರುಗಿದಳು. ಅಕ್ಕನ ಮೇಲೆ ಇಷ್ಟು ದಿನ ಹೊತ್ತಿದ್ದ ಕೋಪವನ್ನು ಎಲ್ಲಿ ಇಳಿಸಬೇಕೆಂದು ತೋಚದ ಹಾಗಿತ್ತು ಅವಳ ಮುಖ.

"ಹಾಗಾದ್ರೆ ಯಾರು?"

"ಅದನ್ನ ನೀರನ್ನೇ ಕೇಳೋಣ. ಬೀಗದ ಕೈ ತಗೊಂಡು ಬಾ."

ಬುಗ್ಗೆಮನೆ ಊರಿನ ಮೇಲೆ, ಬೆಟ್ಟದ ಮಗ್ಗುಲಲ್ಲಿತ್ತು. ಬುಗ್ಗೆ ಹುಟ್ಟುವ ಜಾಗಕ್ಕೆ ಕಲ್ಲಿನ ಕೋಣೆ ಕಟ್ಟಿ, ಕಬ್ಬಿಣದ ಬಾಗಿಲು ಕೂರಿಸಿ, ಬಾಗಿಲಿಗೆ ಎರಡು ಬೀಗ ಮಾಡಿಸಿದ್ದು ಇವರ ತಾಯಿ. ಒಂದರ ಕೈ ಅಕ್ಕನಿಗೆ, ಒಂದರ ಕೈ ತಂಗಿಗೆ. ಒಬ್ಬಳು ಬರದೆ ಇನ್ನೊಬ್ಬಳು ಬಾಗಿಲು ತೆಗೆಯುವ ಹಾಗಿಲ್ಲ. ಮಾತು ಬಿಟ್ಟ ಮೇಲೆ ಬಾಗಿಲನ್ನೂ ಬಿಟ್ಟಿದ್ದರು.

ಏರುದಾರಿಯಲ್ಲಿ ಅತ್ತಿಗೆಗೆ ಉಸಿರು ಸಾಲದೆ, ತಂಗಿಯನ್ನೇ ಮಾತಾಡಿಸುತ್ತಾ ನಡೆದರು. ಅಕ್ಕತಂಗಿಯರ ಅಪ್ಪ ಇನ್ನೂ ದೊಡ್ಡ ಬುಗ್ಗೆ ಹುಡುಕುತ್ತೇನೆಂದು ಒಂದು ದಿನ ಬೆಟ್ಟ ಹತ್ತಿ ಹೋದವರು ತಿರುಗಿ ಬರಲಿಲ್ಲವಂತೆ. ಆಗ ಇಬ್ಬರೂ ಚಿಕ್ಕವರು. ಊರವರು ಹುಡುಕಿದರು, ಆಚೆ ಮಗ್ಗುಲಲ್ಲಿ ಬರೀ ಬಂಡೆ, ಜಾರಿ ಬಿದ್ದಿರಬೇಕು ಎಂದು ವಾಪಸು ಬಂದರು. ಬೆಟ್ಟ ಗಂಡನನ್ನು ನುಂಗಿತು, ಮಕ್ಕಳನ್ನಾದರೂ ಒಟ್ಟಿಗೆ ಇಡಲಿ ಎಂದು ತಾಯಿ ಎರಡು ಬೀಗ ಮಾಡಿಸಿದಳಂತೆ.

"ಪಾಪ, ಅಮ್ಮ ಬೀಗದ ಮೇಲೆ ಇಟ್ಟ ನಂಬಿಕೆ ನಮ್ಮ ಮೇಲೆ ಇಡಬಾರದಿತ್ತು," ಎಂದು ತಂಗಿ ತಾನೇ ನಕ್ಕಳು.

ದಾರಿಯ ತಿರುವಿನಲ್ಲಿ ಅಕ್ಕ ಕಾಯುತ್ತಿದ್ದಳು. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ನಾದಿನಿ. ಅಕ್ಕ ತಂಗಿಯ ಮುಖದ ಮಸಿ ನೋಡಿದಳು, ಅಂಗೈ ನೋಡಿದಳು. ದಾರಿಯಲ್ಲಿ ನಾದಿನಿ ನೊರೆ, ಉಂಗುರ, ಮೊಟ್ಟೆಯ ಕಥೆಯನ್ನೆಲ್ಲ ಒದರಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಹಟ ಅಷ್ಟು ಬೇಗ ಇಳಿಯುವುದೇ?

ಅಲ್ಲಿಂದ ಮುಂದಕ್ಕೆ ಅತ್ತಿಗೆ ನಡುವೆ ಸಿಕ್ಕಿಕೊಂಡರು.

"ಅತ್ತಿಗೆ, ಆ ಮೂರನೇ ಕಲ್ಲು ಅಲ್ಲಾಡುತ್ತೆ ಅಂತ ಅವಳಿಗೆ ಹೇಳಿ," ಎಂದಳು ಅಕ್ಕ.

"ನಂಗೆ ಕಣ್ಣಿದೆ ಅಂತ ಅವಳಿಗೆ ಹೇಳಿ," ಎಂದಳು ತಂಗಿ.

"ಕಣ್ಣಿದ್ದೋರು ಸುಟ್ಟ ಕೈಗೆ ಬೆಣ್ಣೆ ಹಚ್ಚಬೇಕು ಅಂತ ಹೇಳಿ."

ತಂಗಿ ಮೂರನೇ ಕಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ಅಲ್ಲಾಡಿತು, ಅಕ್ಕನ ಕೈ ತಾನಾಗಿ ಮುಂದೆ ಬಂತು, ತಂಗಿ ಅದನ್ನು ಹಿಡಿದು ದಾಟಿದಳು. ದಾಟಿದ ಮೇಲೆ ಇಬ್ಬರೂ ಕೈ ಬಿಟ್ಟು ಬೇರೆ ಬೇರೆ ಕಡೆ ನೋಡಿದರು. ನಾದಿನಿ ಮೂಗು ಒರೆಸಿಕೊಂಡಳು.

ಕಬ್ಬಿಣದ ಬಾಗಿಲು ತುಕ್ಕು ಹಿಡಿದು ಕೆಂಪಗಾಗಿತ್ತು. ಅತ್ತಿಗೆ ಯಾರನ್ನೂ ಮುಟ್ಟಗೊಡದೆ ಅದರ ಮುಂದೆ ಮಂಡಿಯೂರಿದರು, ನೋವಿಗೆ ಒಮ್ಮೆ ನರಳಿದರು, ಮೂಗನ್ನು ಬೀಗದ ತೂತಿನ ಹತ್ತಿರ ತಂದರು. ಬಾಗಿಲೆಲ್ಲ ತುಕ್ಕು, ಆದರೆ ಎರಡೂ ಬೀಗದ ತೂತಿನ ಸುತ್ತ ಒಂದು ಕಲೆಯಿಲ್ಲ. ಬೆರಳು ಇಟ್ಟರೆ ಎಣ್ಣೆ ಅಂಟಿತು.

ಅಕ್ಕ ತನ್ನ ಕೈ ಹಾಕಿ ತಿರುಗಿಸಿದಳು. ತಂಗಿ ತನ್ನದು ಹಾಕಿದಳು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲು ಕಿರ್ ಎನ್ನದೆ ತೆರೆದುಕೊಂಡಿತು.

ಅತ್ತಿಗೆ ಹೊಸಿಲಲ್ಲೇ ನಿಂತು ಇಬ್ಬರ ಕಡೆಗೂ ತಿರುಗಿದರು.

"ನಿಮ್ಮ ಬೀಗದ ಕೈ ಯಾರಿಗೆ ಕೊಟ್ಟಿದ್ರಿ?"

ಅಕ್ಕ ಆಕಾಶ ನೋಡಿದಳು. ತಂಗಿ ತನ್ನ ಪಾದ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಅತ್ತಿಗೆ ಸ್ಟೇಷನ್ನಿನಲ್ಲಿ ಎಷ್ಟೋ ಸಲ ಕಂಡಿದ್ದರು. ಕಾದರು.

"ಡಾಕ್ಟ್ರಿಗೆ," ಎಂದಳು ತಂಗಿ ಕೊನೆಗೆ. "ನೀರು ಪರೀಕ್ಷೆ ಮಾಡ್ಬೇಕು, ಒಂದು ದಿನ ಕೊಡಿ ಅಂದ್ರು. ನಿಮ್ಮಕ್ಕ ಆಗ್ಲೇ ಕೊಟ್ಟಿದ್ದಾರೆ ಅಂದ್ರು."

ಅಕ್ಕ ಥಟ್ಟನೆ ತಂಗಿಯ ಕಡೆ ತಿರುಗಿದಳು. ಅತ್ತಿಗೆ ನಡುವೆ ಇರುವುದೇ ಮರೆತುಹೋಯಿತು.

"ನಾನೆಲ್ಲಿ ಕೊಟ್ಟಿದ್ದೆ? ನಿಮ್ಮ ತಂಗಿ ಕೊಟ್ಟಾಯ್ತು, ನೀವೊಬ್ರೇ ಬಾಕಿ ಅಂತ ನನಗೆ ಹೇಳಿದ್ರು. ನೀನು ಕೊಟ್ಟಿದ್ದೀಯ ಅಂದ ಮೇಲೆ ನಾನು ಕೊಡದೆ ಇದ್ರೆ ಚೆನ್ನಾಗಿರಲ್ಲ ಅಂತ ಕೊಟ್ಟೆ ಕಣೇ."

ಬೋರ್ಡು ಬರೆಸಿದ ದಿನದಿಂದ ಅಕ್ಕ ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಅವಳಿಗೇ ಗೊತ್ತಾಗಿ ಬಾಯಿ ಮುಚ್ಚಿಕೊಂಡಳು.

ಊರಿಗೆ ಇರುವುದು ಒಬ್ಬರೇ ಡಾಕ್ಟರು. ಜೋರಾಗಿ ನಗುವ, ಎಲ್ಲರ ಮನೆಯ ಟೀ ಕುಡಿಯುವ ಮನುಷ್ಯ. ಇಬ್ಬರೂ ಮಾತು ಬಿಟ್ಟ ಮೇಲೆ ಬೀದಿಯ ಆಚೆಯ ಸುದ್ದಿಯನ್ನು ಈಚೆಗೆ ದಾಟಿಸುತ್ತಿದ್ದವರು ಅವರೊಬ್ಬರೇ. ನಿನ್ನೆ ಅಕ್ಕನ ಜಗಲಿಯಲ್ಲಿ ಕೂತು ಅತ್ತಿಗೆಯ ಮೊಣಕಾಲು ಒತ್ತಿ ನೋಡಿ, ಮನುಷ್ಯರ ಹಾಗೆ ಬುಗ್ಗೆಗೂ ವಯಸ್ಸಾಗುತ್ತೆ ಅತ್ತಿಗೆ, ಯಾರೂ ಏನೂ ಕದ್ದಿಲ್ಲ, ಈ ತಣ್ಣೀರಲ್ಲಿ ಕೂತು ನೋವು ಹೆಚ್ಚು ಮಾಡಿಕೊಳ್ಳುವ ಬದಲು ಮನೆಗೆ ಹೊರಡಿ ಎಂದು ನಕ್ಕಿದ್ದರು. ಅತ್ತಿಗೆಗೆ ಅವರ ನಗು ಹಿಡಿಸಿತ್ತು. ಹೊರಡಿ ಎಂದದ್ದು ಮಾತ್ರ ಹಿಡಿಸಿರಲಿಲ್ಲ.

"ನೀವು ಇಬ್ರೂ ಒಂದೇ ಒಂದು ಮಾತು ಆಡಿದ್ದಿದ್ರೆ ಅವರ ಸುಳ್ಳು ಆವತ್ತೇ ಸಿಕ್ಕಿಬೀಳ್ತಿತ್ತು," ಎಂದರು ಅತ್ತಿಗೆ. "ಅವರು ಮೊದಲು ಕದ್ದಿದ್ದು ನೀರನ್ನಲ್ಲ, ನಿಮ್ಮ ಮೌನಾನ. ಒಂದು ದಿನ ಕೈ ಸಿಕ್ಕಿದ್ರೆ ಇನ್ನೊಂದು ಕೈ ಮಾಡಿಸ್ಕೊಳ್ಳೋದು ಎಷ್ಟು ಹೊತ್ತು?"

ಒಳಗೆ ಹೆಜ್ಜೆ ಇಟ್ಟರೆ ಹಬೆ ಮುಖಕ್ಕೆ ಬಡಿಯಿತು. ಕೋಣೆಯ ನಡುವೆ ಬಾವಿಯ ಹಾಗೆ ದುಂಡಗೆ ಕಟ್ಟಿದ ಕಲ್ಲಿನ ಗುಂಡಿ. ಅದರ ತಳದಿಂದ ನೀರು ಗುಳುಗುಳು ಎಂದು ಉಕ್ಕುತ್ತಿತ್ತು. ಕೈ ಹತ್ತಿರ ತಂದರೆ ಸುಡುವಷ್ಟು ಬಿಸಿ. ಬುಗ್ಗೆಗೆ ಯಾವ ವಯಸ್ಸೂ ಆಗಿರಲಿಲ್ಲ.

ಗುಂಡಿಯ ಎರಡು ಕಡೆ ಎರಡು ಕಲ್ಲಿನ ಕಾಲುವೆ, ಎಡಗಡೆಯದು ಅಕ್ಕನ ಕೊಳವೆಗೆ, ಬಲಗಡೆಯದು ತಂಗಿಯ ಕೊಳವೆಗೆ. ಎರಡರಲ್ಲೂ ಇರುವೆ ಸಾಲಿನಷ್ಟು ನೀರು. ನಾದಿನಿ ಮೊಬೈಲಿನ ಬೆಳಕು ಹಿಂದುಗಡೆ ಬಿಟ್ಟಳು.

ಹಿಂದಿನ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ತೊಡೆಯಷ್ಟು ದಪ್ಪದ ಹೊಸ ಕೊಳವೆ. ಸುತ್ತ ಹಾಕಿದ ಸಿಮೆಂಟು ಇನ್ನೂ ಬೆಳ್ಳಗಿತ್ತು. ಕೊಳವೆಗೆ ಕೆಂಪು ಚಕ್ರದ ವಾಲ್ವು. ವಾಲ್ವಿನ ಆಚೆಗೆ, ಗಾಳಿ ಆಡಲೆಂದು ಮೇಲಕ್ಕೆ ಬಿಟ್ಟ ಗಿಡ್ಡ ನಳಿಗೆ. ಕೊಳವೆ ಗೋಡೆಯನ್ನು ತೂರಿ ಬೆಟ್ಟದೊಳಕ್ಕೆ, ಆಚೆ ಮಗ್ಗುಲಿಗೆ ಹೋಗಿತ್ತು. ಅಕ್ಕನ ನೀರು, ತಂಗಿಯ ನೀರು ಎರಡೂ ಅದರೊಳಗೆ ಓಡುತ್ತಿದ್ದವು.

ಅತ್ತಿಗೆ ಚಕ್ರ ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ಅಕ್ಕ ಒಂದು ಕಡೆ ಹಿಡಿದಳು. ತಂಗಿ ಬೊಕ್ಕೆಯ ಕೈಗೆ ಶಾಲು ಸುತ್ತಿಕೊಂಡು ಇನ್ನೊಂದು ಕಡೆ ಹಿಡಿದಳು. ನಿನ್ನ ಕಡೆ ಎಳಿ ಎಂದು ಅಕ್ಕ, ನೀನು ತಳ್ಳು ಎಂದು ತಂಗಿ, ಇಬ್ಬರೂ ಬೈದಾಡಿಕೊಳ್ಳುತ್ತಲೇ ಚಕ್ರ ಸುತ್ತಿತು. ಹೊಸ ಕೊಳವೆಯ ಗುಡುಗು ಕಡಿಮೆಯಾಗುತ್ತಾ ಬಂದು ನಿಂತಿತು.

ಗುಂಡಿಯ ನೀರು ಏರತೊಡಗಿತು. ಒಂದು ಕಲ್ಲು ಮುಳುಗಿತು, ಇನ್ನೊಂದು ಮುಳುಗಿತು. ಆಮೇಲೆ ಎಡಗಡೆ ಕಾಲುವೆಗೆ ನುಗ್ಗಿತು, ಬಲಗಡೆ ಕಾಲುವೆಗೂ ನುಗ್ಗಿತು. ಎರಡೂ ದಂಡೆ ತುಂಬಿ, ಹಬೆ ಎಬ್ಬಿಸಿಕೊಂಡು ಊರಿನ ಕಡೆಗೆ ಓಡಿದವು.

ತಂಗಿ ಕಾಲುವೆಯ ಪಕ್ಕ ಕೂತು ನಗಲು ಶುರುಮಾಡಿದಳು. ನಗುತ್ತಾ ಕಣ್ಣೊರೆಸಿಕೊಂಡಳು, ಮಸಿ ಮುಖವೆಲ್ಲ ಹರಡಿತು. ಅಕ್ಕ ಶಾಲಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ತಂಗಿಯ ಗಲ್ಲ ಹಿಡಿದುಕೊಂಡು ಮುಖ ಒರೆಸಿದಳು, ಚಿಕ್ಕ ಮಗುವಿಗೆ ಒರೆಸುವ ಹಾಗೆ, ಸ್ವಲ್ಪ ಒರಟಾಗಿಯೇ. ಮೊಟ್ಟೆ ಕೊಳೆಸೋ ಬುದ್ಧಿ ಯಾರು ಕೊಟ್ಟರೇ ನಿನಗೆ ಎಂದು ಕೇಳಿದಳು. ಇಬ್ಬರೂ ಮತ್ತೆ ನಕ್ಕರು. ಮಧ್ಯಾಹ್ನಕ್ಕೆ ಎರಡೂ ಮನೆಯ ತೊಟ್ಟಿ ತುಂಬುತ್ತೆ, ಕೋಲಿನ ಮುದುಕನಿಗೆ ಹೇಳಿ ಕಳಿಸಬೇಕು ಎಂದು ತಂಗಿ ಆಗಲೇ ಲೆಕ್ಕ ಹಾಕುತ್ತಿದ್ದಳು.

ಅತ್ತಿಗೆಯೂ ಹಗುರಾದರು. ಇನ್ನು ಡಾಕ್ಟರನ್ನು ಟೀಗೆ ಕರೆದು ಕೂರಿಸಿಕೊಂಡರೆ ಮುಗಿಯಿತು.

ಮೊದಲು ಕೇಳಿಸಿದ್ದು ನಾದಿನಿಗೆ. ಅವಳು ನಗು ನಿಲ್ಲಿಸಿ ಕೈ ಎತ್ತಿದಳು.

ಗಿಡ್ಡ ನಳಿಗೆಯಿಂದ ಸದ್ದು ಬರುತ್ತಿತ್ತು. ಟಕ್, ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಟಕ್, ಟಕ್. ಬೆಟ್ಟದ ಆಚೆ ತುದಿಯಲ್ಲಿ ಯಾರೋ ಕೊಳವೆಗೆ ಕುಟ್ಟುತ್ತಿದ್ದರು.

ಅತ್ತಿಗೆ ನಳಿಗೆಗೆ ಕಿವಿಯಿಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಪಕ್ಕಕ್ಕೆ ಸರಿದರು. ತುಂಬಾ ದೂರದಿಂದ, ಮಡಕೆಯೊಳಗೆ ಮಾತಾಡಿದ ಹಾಗೆ, ಒಂದು ಹೆಣ್ಣಿನ ದನಿ ಬಂತು.

"ಡಾಕ್ಟ್ರೇ, ನೀರು ನಿಂತೋಯ್ತು. ಇವತ್ತು ಮಾತ್ರ ನಿಲ್ಲಿಸ್ಬೇಡಿ. ಅಜ್ಜ ನೀರಲ್ಲಿ ಕೈ ಎತ್ತಿದ್ರು. ಇಷ್ಟು ವರ್ಷಕ್ಕೆ ಇದೇ ಮೊದಲ್ನೇ ಸಲ."

ದನಿ ಮತ್ತೆ ಬಂತು. ಅದರಲ್ಲಿ ಸಂತೋಷವಿತ್ತು.

"ಮಾತೂ ಬಂತು ಡಾಕ್ಟ್ರೇ. ದೊಡ್ಡಗುಬ್ಬಿ ಎಲ್ಲಿ, ಚಿಕ್ಕಗುಬ್ಬಿ ಎಲ್ಲಿ ಅಂತ ಒಂದೇ ಸಮ ಕೇಳ್ತಿದ್ದಾರೆ. ಯಾರು ಅವರು? ನಿಮಗೇನಾದ್ರೂ ಗೊತ್ತಾ?"

ಅಕ್ಕನ ಕೈಯಿಂದ ಶಾಲು ಜಾರಿ ಕಾಲುವೆಗೆ ಬಿತ್ತು. ನೀರು ಅದನ್ನು ಎಳೆದುಕೊಂಡು ಹೋಯಿತು. ಅವಳು ತಂಗಿಯ ಮುಖ ನೋಡಿದಳು, ತಂಗಿ ಅವಳ ಮುಖ ನೋಡಿದಳು.

"ನಮ್ಮನ್ನ ಹಾಗೆ ಕರೀತಿದ್ದದ್ದು ಒಬ್ಬರೇ," ಎಂದಳು ಅಕ್ಕ. "ಅಮ್ಮ ಕೂಡ ಕರೀತಿರ್ಲಿಲ್ಲ."

ತಂಗಿ ಆಗಲೇ ಕೆಂಪು ಚಕ್ರಕ್ಕೆ ಕೈ ಹಾಕಿದ್ದಳು. ತೊಟ್ಟಿ, ಮುದುಕರು, ಬೋರ್ಡು, ಯಾವುದೂ ಅವಳ ನೆನಪಿನಲ್ಲಿರಲಿಲ್ಲ. ಅತ್ತಿಗೆ ಅವಳ ಮುಂಗೈ ಹಿಡಿದು ತಡೆದರು. ನೀರು ಬಿಟ್ಟರೆ ದನಿ ಮುಚ್ಚಿಹೋಗುತ್ತದೆ, ಒಂದು ನಿಮಿಷ ತಾಳು ಎಂದರು.

ಅಕ್ಕ ನಳಿಗೆಯ ಹತ್ತಿರ ಮಂಡಿಯೂರಿ, ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಳು.

"ಅಪ್ಪಾ," ಎಂದಳು.

ಆಚೆಯ ಸದ್ದೆಲ್ಲ ನಿಂತುಹೋಯಿತು. ಆಮೇಲೆ ಹೆಣ್ಣಿನ ದನಿ, ಈ ಸಲ ಕೊಳವೆಗಲ್ಲ, ಅಲ್ಲಿ ತನ್ನ ಪಕ್ಕದಲ್ಲಿದ್ದ ಯಾರಿಗೋ ಹೇಳಿತು.

"ಇದು ಡಾಕ್ಟ್ರಲ್ಲ. ಊರವರಿಗೆ ಗೊತ್ತಾಗೋಯ್ತು. ಅಜ್ಜನ್ನ ಎತ್ತು, ಈಗ್ಲೇ ಇಲ್ಲಿಂದ ಹೊರಡ್ಬೇಕು."